ಹಾರುವ ಚಿಗಟ: ಹಳೆ ನಕ್ಷೆಯಿಂದ ಕಟ್ಟಿದ ರಿಮೋಟ್ ವಿಮಾನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಅಡಿಕೆ ತೋಟ. ಮನೆಯ ಅಟ್ಟದಲ್ಲಿ ಕೂತು ಕಟ್ಟಿದ ಈ ಪುಟ್ಟ ವಿಮಾನವನ್ನು ಬೈಲಿಗೆ ತಂದಾಗಲೆಲ್ಲ ಹತ್ತು ಜನ ಸೇರುತ್ತಾರೆ. ತಾವೂ ಕಟ್ಟಬೇಕು ಅಂತ ಹೊರಟವರಿಂದ ಫೋನೂ ಬರುತ್ತದೆ. ಈ ವಿಮಾನದ ವಿಷಯದಲ್ಲಿ ಅರ್ಧ ಉತ್ತರ ಕೊಡುವುದು ಅಪಾಯ. ಹಾಗಾಗಿ ನನಗೆ ಗೊತ್ತಿರುವಷ್ಟನ್ನೂ ಬಿಡಿಸಿ ಬರೆದಿದ್ದೇನೆ.

ಇದು ಯಾವ ವಿಮಾನ? ಎರಡು ರೆಕ್ಕೆ ಒಂದರ ಹಿಂದೆ ಒಂದು ಇದೆಯಲ್ಲ?

ಹೌದು, ಬಾಲದ ರೆಕ್ಕೆ ಅಂತ ಬೇರೆ ಇಲ್ಲ. ಮುಂದೆ ಎತ್ತರದಲ್ಲಿ ಒಂದು ದೊಡ್ಡ ರೆಕ್ಕೆ, ಅದರ ಹಿಂದೆ ಸ್ವಲ್ಪ ಕೆಳಗೆ ಇನ್ನೊಂದು ಚಿಕ್ಕ ರೆಕ್ಕೆ, ಕೊನೆಯಲ್ಲಿ ಒಂದು ಅಗಲವಾದ ಚುಕ್ಕಾಣಿ. ಅಷ್ಟೇ. ಫ್ರಾನ್ಸಿನ ಆನ್ರಿ ಮಿನ್ಯೆ ಎಂಬವರು ಮಾಡಿದ ಎಚ್‌ಎಂ 14 ವಿಮಾನದ ಮಾದರಿ ಇದು. ಮೂಲ ವಿಮಾನ ಮೊದಲು ಹಾರಿದ್ದು 1933ರಲ್ಲಿ. ಅದನ್ನು ಅವರು ಪೂ ದ್ಯು ಸಿಯೆಲ್ ಅಂತ ಕರೆದರು, ಅಂದರೆ ಆಕಾಶದ ಹೇನು. ಇಂಗ್ಲಿಷಿಗೆ ಹೋಗುವಾಗ ಹೇನು ಚಿಗಟವಾಯಿತು. ನಮ್ಮ ಬೈಲಿನ ಮಕ್ಕಳೂ ಈಗ ಚಿಗಟ ಅಂತಲೇ ಕರೆಯುತ್ತಾರೆ.

ಚಂದದ ವಿಮಾನಗಳು ಎಷ್ಟೋ ಇರುವಾಗ ಇದೇ ಯಾಕೆ?

ಮಿನ್ಯೆ ಇದನ್ನು ಸಾಮಾನ್ಯ ಜನರಿಗಾಗಿ ಮಾಡಿದರು. ಮರ, ಪ್ಲೈವುಡ್, ಬಟ್ಟೆ, ಒಂದು ಸಣ್ಣ ಎಂಜಿನ್ ಇದ್ದರೆ ಮನೆಯಲ್ಲೇ ಕಟ್ಟಬಹುದು ಅಂತ 1934ರಲ್ಲಿ ಪುಸ್ತಕವನ್ನೇ ಬರೆದು, ಅಳತೆ ಸಮೇತ ಎಲ್ಲವನ್ನೂ ಕೊಟ್ಟರು. ಮರುವರ್ಷ ಆಗಸ್ಟ್‌ನಲ್ಲಿ ಅದೇ ಮಾದರಿಯ ವಿಮಾನದಲ್ಲಿ ಇಂಗ್ಲಿಷ್ ಕಾಲುವೆ ದಾಟಿ ಬ್ರಿಟನ್ನಿಗೆ ಹೋದರು. ಬಡಗಿ ಕೆಲಸ ಬಲ್ಲವನೂ ಆಕಾಶಕ್ಕೆ ಹೋಗಬೇಕು ಅಂತ ಒಬ್ಬ ಮನುಷ್ಯ ಅಷ್ಟು ಹಟ ಹಿಡಿದಿದ್ದ ಅನ್ನುವುದೇ ನನಗೆ ದೊಡ್ಡ ವಿಷಯ. ಕೈಯಲ್ಲಿ ಉಳಿ ಹಿಡಿದು ಬೆಳೆದ ಮನೆಯವನು ನಾನು.

ಆ ವಿಮಾನದಲ್ಲಿ ಜನ ಸತ್ತರಲ್ಲ? ಮಾದರಿಯೂ ಹಾಗೇ ಬೀಳುವುದಿಲ್ವಾ?

ಸತ್ತದ್ದು ನಿಜ. ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದೇ. ಕಟ್ಟಲು ಹೊರಡುವ ಮೊದಲು ಈ ಉತ್ತರವನ್ನು ಪೂರ್ತಿ ಓದಿ.

ಎಚ್‌ಎಂ 14ರಲ್ಲಿ ಮುಂದಿನ ರೆಕ್ಕೆಯೇ ಇಡಿಯಾಗಿ ಓಲುತ್ತದೆ. ಪೈಲಟ್ ಕೋಲನ್ನು ತನ್ನ ಕಡೆ ಎಳೆದರೆ ಆ ರೆಕ್ಕೆಯ ಹಿಂದಿನ ಅಂಚು ಕೆಳಗೆ ಬರುತ್ತದೆ, ರೆಕ್ಕೆ ಗಾಳಿಯನ್ನು ಜಾಸ್ತಿ ಹಿಡಿಯುತ್ತದೆ, ಮೂಗು ಮೇಲೇಳುತ್ತದೆ. ಸಾಮಾನ್ಯ ಹಾರಾಟದಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ತೊಂದರೆ ಇರುವುದು ಎರಡು ರೆಕ್ಕೆಗಳ ನಡುವಿನ ಸಂದಿಯಲ್ಲಿ. ಮುಂದಿನ ರೆಕ್ಕೆಯ ಹಿಂದಂಚು ಕೆಳಗೆ ಬಂದಷ್ಟೂ ಹಿಂದಿನ ರೆಕ್ಕೆಗೆ ಹತ್ತಿರವಾಗುತ್ತದೆ. ಸಂದಿ ಕಿರಿದಾದರೆ ಅಲ್ಲಿ ಗಾಳಿಯ ವೇಗ ಏರಿ ಹಿಂದಿನ ರೆಕ್ಕೆಯ ಮೇಲೆ ರಭಸದಿಂದ ಹರಿಯುತ್ತದೆ. ಆಗ ಹಿಂದಿನ ರೆಕ್ಕೆಯೂ ಜಾಸ್ತಿ ಎತ್ತುತ್ತದೆ. ಹಿಂಭಾಗ ಎದ್ದರೆ ಮೂಗು ಇಳಿಯಲೇಬೇಕು.

ವಿಮಾನ ಕಡಿದಾಗಿ ಕೆಳಗೆ ಧುಮುಕುವಾಗ ಪೈಲಟ್ ಏನು ಮಾಡುತ್ತಾನೆ? ಕೋಲನ್ನು ಎಳೆಯುತ್ತಾನೆ. ಎಳೆದಷ್ಟೂ ಸಂದಿ ಕಿರಿದಾಗುತ್ತದೆ, ಮೂಗು ಇನ್ನೂ ಕೆಳಗೆ ಹೋಗುತ್ತದೆ. ಭಾರದ ಕೇಂದ್ರ ಹಿಂದೆ ಸರಿದಿದ್ದರಂತೂ ಮೇಲೆತ್ತಲು ದಾರಿಯೇ ಇಲ್ಲ. 1936ರಲ್ಲಿ ಬ್ರಿಟನ್ನಿನ ಫಾರ್ನ್‌ಬರೋದಲ್ಲಿ ಮತ್ತು ಫ್ರಾನ್ಸಿನ ಶಾಲೇ-ಮ್ಯುದೋನ್ ಎಂಬಲ್ಲಿ ನಿಜವಾದ ವಿಮಾನವನ್ನೇ ಗಾಳಿಸುರಂಗದೊಳಗೆ ಇಟ್ಟು ಪರೀಕ್ಷೆ ಮಾಡಿದಾಗ ಇದು ಹೊರಗೆ ಬಂತು. ಅಲ್ಲಿಯವರೆಗೆ ತಮ್ಮ ಕೈಯಾರೆ ವಿಮಾನ ಕಟ್ಟಿಕೊಂಡು ಹಾರಿದ ಎಷ್ಟೋ ಜನ ಕಾರಣ ಗೊತ್ತಿಲ್ಲದೆಯೇ ಹೋಗಿಬಿಟ್ಟಿದ್ದರು. ಮಿನ್ಯೆ ಮುಂದೆ ಮಾಡಿದ ವಿಮಾನಗಳಲ್ಲಿ ರೆಕ್ಕೆಗಳ ಜಾಗವನ್ನು ತಿದ್ದಿದರು. ಆ ಬಳಗದ ವಿಮಾನಗಳು ಇವತ್ತಿಗೂ ಹಾರುತ್ತವೆ.

ನಮ್ಮ ಕೈಗೆ ಸಿಗುವ ಹಳೆ ಮಾದರಿ ನಕ್ಷೆಗಳಲ್ಲಿ ಎಷ್ಟೋ ಈ ತಿದ್ದುಪಡಿಯ ಮೊದಲಿನ ಆಕಾರವನ್ನೇ ಹಿಡಿದಿರುತ್ತವೆ. ಮೂಲದ ಹಾಗೆಯೇ ಕಾಣಬೇಕು ಅಂತ ಗೀಚಿದವರ ಆಸೆ. ನಾನು ಆ ಆಸೆಯನ್ನು ಬಿಟ್ಟೆ. ನನ್ನ ನಕ್ಷೆಯಲ್ಲಿ ರೆಕ್ಕೆಗಳು ಒಂದರ ಮೇಲೊಂದು ಸ್ವಲ್ಪ ಬರುವ ಹಾಗಿದ್ದವು, ನಡುವಿನ ಸಂದಿ 12 ಮಿ.ಮೀ. ಮಾತ್ರ. ಹಿಂದಿನ ರೆಕ್ಕೆಯನ್ನು ಹಿಂದಕ್ಕೆ ಸರಿಸಿ, ಮುಂದಿನದರ ಕಂಬವನ್ನು ಎತ್ತರಿಸಿ, ಸಂದಿಯನ್ನು 30 ಮಿ.ಮೀ. ಮಾಡಿದೆ. ಮುಂದಿನ ರೆಕ್ಕೆ ಅದಕ್ಕಿಂತ ಕೆಳಗೆ ಬಾರದ ಹಾಗೆ ಕಂಬಕ್ಕೆ ಒಂದು ಬಿದಿರಿನ ಚಕ್ಕೆ ಅಂಟಿಸಿದ್ದೇನೆ. ರಿಮೋಟ್ ಏನೇ ಹೇಳಲಿ, ರೆಕ್ಕೆ ಆ ಚಕ್ಕೆಗೆ ತಾಗಿ ನಿಲ್ಲಲೇಬೇಕು.

ನಕ್ಷೆ ಎಲ್ಲಿ ಸಿಕ್ಕಿತು? ಹಳೆ ನಕ್ಷೆಯನ್ನು ನಂಬಬಹುದಾ?

ಮುಂಬಯಿಯಲ್ಲಿ ಕೆಲಸದಲ್ಲಿದ್ದ ಸೋದರಮಾವ ಊರಿಗೆ ತಂದಿಟ್ಟ ಕಬ್ಬಿಣದ ಟ್ರಂಕಿನಲ್ಲಿತ್ತು. ಎಂಟು ಮಡಿಕೆ ಮಡಚಿದ ಜೆರಾಕ್ಸ್ ಹಾಳೆ. ಒಂದು ಮೂಲೆಯನ್ನು ಒರಲೆ ತಿಂದಿತ್ತು, ಚಕ್ರದ ಸರಳು ಬರುವ ಜಾಗವೇ ಹೋಗಿತ್ತು. ಮಡಿಕೆಯ ಗೆರೆಯ ಮೇಲೆ ಬಿದ್ದ ಅಂಕೆಗಳು ಉಜ್ಜಿಹೋಗಿ, 3 ಯಾವುದು 8 ಯಾವುದು ತಿಳಿಯುತ್ತಿರಲಿಲ್ಲ.

ಹಾಳೆಯ ಕೆಳಗೆ 6 ಇಂಚಿನ ಒಂದು ಅಳತೆಗೆರೆ ಎಳೆದಿದ್ದರು. ಅದಕ್ಕೆ ಸ್ಟೀಲ್ ಸ್ಕೇಲ್ ಇಟ್ಟು ನೋಡಿದೆ. 152 ಮಿ.ಮೀ. ಇರಬೇಕಾದದ್ದು 147 ಇತ್ತು. ಸರಿ, ಜೆರಾಕ್ಸ್ ಮಾಡುವಾಗ ಕುಗ್ಗಿದೆ, ಎಲ್ಲವನ್ನೂ ಅಷ್ಟೇ ಪಾಲು ಹಿಗ್ಗಿಸಿದರಾಯಿತು ಅಂದುಕೊಂಡೆ. ಆಮೇಲೆ ಯಾಕೋ ಅನುಮಾನ ಬಂದು, ಅಳತೆ ಬರೆದಿದ್ದ ಒಂದು ಅಡ್ಡಪಟ್ಟಿಯನ್ನು ಹಾಳೆಯ ಅಗಲದಲ್ಲಿ ಅಳೆದೆ. ಅಲ್ಲಿ ಕುಗ್ಗಿದ್ದು ಇದರ ಅರ್ಧವೂ ಇಲ್ಲ. ಅಂದರೆ ಉದ್ದದಲ್ಲಿ ಒಂದು ಲೆಕ್ಕ, ಅಗಲದಲ್ಲಿ ಇನ್ನೊಂದು ಲೆಕ್ಕ. ಹಾಗೆಯೇ ಕತ್ತರಿಸಿದ್ದರೆ ರಿಬ್ (ರೆಕ್ಕೆಗೆ ಆಕಾರ ಕೊಡುವ ಅಡ್ಡ ಚಕ್ಕೆ) ಒಂದು ಅಳತೆ, ಅದು ಕೂರುವ ಕಚ್ಚು ಇನ್ನೊಂದು ಅಳತೆ ಆಗುತ್ತಿತ್ತು.

ಹಾಗಾಗಿ ನಕ್ಷೆಯ ಗೆರೆಯ ಮೇಲೆ ನೇರ ಮರ ಇಟ್ಟು ಅಂಟಿಸಬೇಡಿ. ಬರೆದ ಅಂಕೆಗಳನ್ನು ಮಾತ್ರ ತೆಗೆದುಕೊಂಡು ಹೊಸ ಹಾಳೆಯಲ್ಲಿ ಮತ್ತೆ ಗೀಚಿ. ನನಗೆ ಅದಕ್ಕೇ ಹನ್ನೊಂದು ರಾತ್ರಿ ಬೇಕಾಯಿತು. ಆ ಹನ್ನೊಂದು ರಾತ್ರಿಯಲ್ಲೇ ವಿಮಾನ ನನಗೆ ಅರ್ಥವಾದದ್ದು.

ಬಾಲ್ಸಾ ಮರ ದುಬಾರಿ. ಊರಿನ ಮರ ಆಗುವುದಿಲ್ವಾ?

ರೆಕ್ಕೆಯ ರಿಬ್‌ಗಳಿಗೆ ಬಾಲ್ಸಾವೇ ಬೇಕು. ಹಾಲೆ ಮರ ಹಗುರ ಅಂತ ಬಡಗಿಗಳು ಹೇಳಿದರು, ಸೀಳಿ ತೂಗಿಯೂ ನೋಡಿದೆ. ಬಾಲ್ಸಾದ ಎದುರು ತುಂಬಾ ಭಾರ. ಅಡಿಕೆ ಸಲಾಕೆಯ ಮಾತೇ ಬೇಡ. ಆದರೆ ಬಿದಿರು ನಮ್ಮಲ್ಲಿ ಬೇಕಾದಷ್ಟಿದೆ, ಅದನ್ನು ಮೀರಿಸುವ ವಸ್ತು ಪೇಟೆಯಲ್ಲಿಲ್ಲ. ಚೆನ್ನಾಗಿ ಬಲಿತು ಒಣಗಿದ ಬಿದಿರಿನ ಹೊರಸಿಪ್ಪೆಯ ಕಡೆಯಿಂದ 3 ಮಿ.ಮೀ. ಸೀಳು ತೆಗೆದು ರೆಕ್ಕೆಯ ತುದಿಗಳನ್ನು ಬಗ್ಗಿಸಿದ್ದೇನೆ. ಮೇಣದಬತ್ತಿಯ ಉರಿಯ ಮೇಲೆ ಹಿಡಿದು ನಿಧಾನಕ್ಕೆ ಒತ್ತಿದರೆ ಬೇಕಾದ ಹಾಗೆ ಬಾಗುತ್ತದೆ. ಚಕ್ರದ ಕಾಲಿನ ಅಡ್ಡಪಟ್ಟಿಯೂ ಬಿದಿರೇ.

ಮಳೆಗಾಲದಲ್ಲಿ ಕಟ್ಟಬಹುದಾ? ಆಗಲೇ ಬಿಡುವು ಇರುವುದು.

ಕಟ್ಟಬಹುದು, ಆದರೆ ಹೊದಿಕೆ ಹಾಕಬೇಡಿ. ಜೂನ್, ಜುಲೈಯಲ್ಲಿ ನಮ್ಮ ಕಡೆ ಗೋಡೆಯೇ ಬೆವರುತ್ತದೆ. ಆಗ ಬಾಲ್ಸಾ ನೀರು ಹೀರಿರುತ್ತದೆ. ಆ ಸ್ಥಿತಿಯಲ್ಲಿ ಬಿಗಿಯಾಗಿ ಹೊದಿಸಿದರೆ ಜನವರಿಯ ಒಣಗಾಳಿಗೆ ರೆಕ್ಕೆ ಬಾಳೆಲೆಯ ಹಾಗೆ ತಿರುಚಿಕೊಳ್ಳುತ್ತದೆ. ಫೆವಿಕಾಲ್ ಒಣಗಲು ಒಂದು ದಿನ ಪೂರ್ತಿ ಕೊಡಿ. ನಾನು ಮಳೆಗಾಲದಲ್ಲಿ ಗಾಡಿ (ಅಂದರೆ ವಿಮಾನದ ಒಡಲು) ಮತ್ತು ರೆಕ್ಕೆಯ ಅಸ್ಥಿಪಂಜರ ಮುಗಿಸಿ, ಅಡಿಗೆ ಒಲೆಯ ಮೇಲಿನ ಅಟ್ಟದಲ್ಲಿ ಚಪ್ಪಟೆ ಹಲಗೆಗೆ ಕಟ್ಟಿ ಇಟ್ಟೆ. ದೀಪಾವಳಿ ಕಳೆದ ಮೇಲೆ ಇಸ್ತ್ರಿಪೆಟ್ಟಿಗೆಯಿಂದ ಅಂಟಿಸುವ ಫಿಲ್ಮ್ ಹೊದಿಸಿದೆ.

ನಕ್ಷೆಯಲ್ಲಿ ಡೀಸೆಲ್ ಎಂಜಿನ್ ತೋರಿಸಿದ್ದಾರೆ. ಈಗ ಏನು ಹಾಕುವುದು?

ಈಥರ್, ಸೀಮೆಎಣ್ಣೆ, ಹರಳೆಣ್ಣೆ ಬೆರೆಸಿ ಓಡಿಸುವ ಆ ಚಿಕ್ಕ 1.5 ಸಿಸಿ ಎಂಜಿನ್‌ಗಳನ್ನು ಹುಡುಕುವ ಶ್ರಮ ಬೇಡ. 2212 ಅಳತೆಯ 1000 ಕೆವಿ (ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು) ಬ್ರಶ್‌ಲೆಸ್ ಮೋಟರ್, 10 ಇಂಚಿನ ಫ್ಯಾನ್, ಮೋಟರಿನ ವೇಗ ಹಿಡಿತದಲ್ಲಿಡುವ 30 ಆಂಪಿಯರ್ ಇಎಸ್‌ಸಿ, ಮೂರು ಸೆಲ್ಲಿನ 1500 ಎಂಎಎಚ್ ಲಿಪೋ ಬ್ಯಾಟರಿ ಸಾಕು. ನನ್ನ ವಿಮಾನದ ಮುಂದಿನ ರೆಕ್ಕೆ 40 ಇಂಚು, ಒಟ್ಟು ತೂಕ 800 ಗ್ರಾಂ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಥ್ರಾಟಲ್ ಕೊಟ್ಟರೆ ಆರಾಮವಾಗಿ ಹಾರುತ್ತದೆ.

ಒಂದು ವಿಷಯ ನೆನಪಿಡಿ. ಮೋಟರ್ ಆ ಹಳೆ ಎಂಜಿನ್‌ಗಿಂತ ಹಗುರ. ಮೂಗಿನ ತೂಕ ಕಮ್ಮಿಯಾದರೆ ಭಾರದ ಕೇಂದ್ರ ಹಿಂದೆ ಹೋಗುತ್ತದೆ, ಈ ವಿಮಾನಕ್ಕೆ ಅದಕ್ಕಿಂತ ಕೆಟ್ಟದ್ದು ಇನ್ನಿಲ್ಲ. ಬ್ಯಾಟರಿಯನ್ನು ಮೋಟರಿನ ಬೆನ್ನಿಗೇ ತಾಗಿಸಿ ಕೂರಿಸಿ.

ಭಾರದ ಕೇಂದ್ರ ಎಲ್ಲಿರಬೇಕು?

ನನ್ನ ನಕ್ಷೆಯಲ್ಲಿ ಮುಂದಿನ ರೆಕ್ಕೆಯ ಮುಂದಂಚಿನಿಂದ ಹಿಂದಕ್ಕೆ 118 ಮಿ.ಮೀ. ಅಂತಿತ್ತು. ನಾನು 92ರಲ್ಲಿ ಇಟ್ಟಿದ್ದೇನೆ. ನಿಮ್ಮ ನಕ್ಷೆಯ ರೆಕ್ಕೆ ಬೇರೆ ಇದ್ದರೆ ಈ ಅಂಕೆ ನಿಮಗೆ ಬರುವುದಿಲ್ಲ. ಮೊದಲು ತೆಳು ಥರ್ಮೊಕೋಲ್ ಹಾಳೆಯಲ್ಲಿ ಮೂರನೇ ಒಂದು ಅಳತೆಯ ಗ್ಲೈಡರ್ ಕತ್ತರಿಸಿ, ಮೂಗಿಗೆ ಸ್ವಲ್ಪ ಸ್ವಲ್ಪವೇ ಮೇಣ ಮೆತ್ತುತ್ತಾ ಅಂಗಳದಲ್ಲಿ ಎಸೆದು ನೋಡಿ. ಎಲ್ಲಿ ನೇರವಾಗಿ ತೇಲಿ ಇಳಿಯುತ್ತದೋ ಅದಕ್ಕಿಂತ ಇನ್ನೂ ಒಂದಿಷ್ಟು ಮುಂದೆ ಇಟ್ಟುಕೊಂಡು ದೊಡ್ಡದನ್ನು ಶುರುಮಾಡಿ. ಮೂಗು ಭಾರವಾದರೆ ವಿಮಾನ ಹಾರಲು ಬೇಸರ ಪಡಬಹುದು, ಬಾಲ ಭಾರವಾದರೆ ಮನೆಗೆ ವಾಪಸು ಬರುವುದಿಲ್ಲ.

ರಿಮೋಟ್‌ನಲ್ಲಿ ಜೋಡಣೆ ಹೇಗೆ? ಐಲೆರಾನ್ (ವಿಮಾನವನ್ನು ವಾಲಿಸುವ ರೆಕ್ಕೆಯಂಚಿನ ಪಟ್ಟಿ) ಇಲ್ಲವಲ್ಲ?

ಚುಕ್ಕಾಣಿಯನ್ನು ಬಲಗೈ ಕೋಲಿಗೆ, ಐಲೆರಾನ್ ಇರಬೇಕಾದ ಚಾನೆಲ್‌ಗೆ ಜೋಡಿಸಿ. ತಿರುವೆಲ್ಲ ಚುಕ್ಕಾಣಿಯಿಂದಲೇ. ಅದು ಮೂಗನ್ನು ತಿರುಗಿಸುತ್ತದೆ, ಆಮೇಲೆ ಮೇಲಕ್ಕೆ ಬಾಗಿದ ರೆಕ್ಕೆತುದಿಗಳು ವಿಮಾನವನ್ನು ವಾಲಿಸುತ್ತವೆ. ನಡುವೆ ಒಂದು ಕ್ಷಣ ತಡ ಆಗುತ್ತದೆ. ಆ ಹೊತ್ತಿನಲ್ಲಿ ಗಾಬರಿಯಾಗಿ ಇನ್ನೂ ಜಾಸ್ತಿ ಒತ್ತಬೇಡಿ.

ಮುಂದಿನ ರೆಕ್ಕೆಗೆ ಲೋಹದ ಗಿಯರಿನ 17 ಗ್ರಾಂ ಸರ್ವೋ (ರಿಮೋಟ್ ಹೇಳಿದಂತೆ ರೆಕ್ಕೆಯನ್ನು ಓಲಿಸುವ ಪುಟ್ಟ ಮೋಟರ್) ಹಾಕಿ. ಓಲುವ ಅಚ್ಚನ್ನು ಮುಂದಂಚಿನಿಂದ ರೆಕ್ಕೆಯ ಅಗಲದ ಕಾಲು ಭಾಗದಲ್ಲಿ ಇಟ್ಟರೆ ಸರ್ವೋಗೆ ಹೊರೆ ಕಮ್ಮಿ. ಕೀಲುಗಳಲ್ಲಿ ಸಡಿಲ ಇರಲೇಬಾರದು. ರೆಕ್ಕೆಯ ಹಿಂದಂಚನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಒಂದು ಮಿ.ಮೀ. ಆಡಿದರೂ ವಿಮಾನ ಗಾಳಿಯಲ್ಲಿ ಅಲೆಯ ಹಾಗೆ ಏಳುತ್ತಾ ಬೀಳುತ್ತಾ ಹೋಗುತ್ತದೆ.

ಈಗ ನನ್ನ ಮೊದಲ ವಿಮಾನವನ್ನು ಮುರಿದ ತಪ್ಪು. ಸಾಮಾನ್ಯ ವಿಮಾನಗಳಲ್ಲಿ ಕೋಲು ಎಳೆದರೆ ಬಾಲದ ರೆಕ್ಕೆಯ ಎಲಿವೇಟರ್ ಪಟ್ಟಿಯ ಅಂಚು ಮೇಲೆ ಹೋಗುತ್ತದೆ. ವರ್ಷಗಟ್ಟಲೆ ಅದನ್ನೇ ನೋಡಿದ ಕಣ್ಣು. ಹಾರಿಸುವ ದಿನ ಬೆಳಿಗ್ಗೆ ಕೋಲು ಎಳೆದು ನೋಡಿದೆ, ರೆಕ್ಕೆಯ ಅಂಚು ಕೆಳಗೆ ಹೋಯಿತು. ಉಲ್ಟಾ ಇದೆ ಅಂತ ರಿಮೋಟ್‌ನಲ್ಲಿ ರಿವರ್ಸ್ ಮಾಡಿದೆ. ಚಿಗಟದಲ್ಲಿ ಅಂಚು ಕೆಳಗೆ ಹೋಗುವುದೇ ಸರಿ. ಕೈಬಿಟ್ಟ ಕೂಡಲೇ ಮೂಗು ಇಳಿಯಿತು, ನಾನು ಎಳೆದೆ, ಅದು ನೇರ ಗದ್ದೆಗೆ ಹೊಕ್ಕಿತು. ಗಾಡಿಯ ಮುಂಭಾಗ ಪುಡಿಯಾಯಿತು. ರಿಪೇರಿಗೆ ಮೂರು ವಾರ ಹಿಡಿಯಿತು. ಈಗ ರಿಮೋಟ್ ಮೇಲೆ ‘ಎಳೆದರೆ ಅಂಚು ಕೆಳಗೆ’ ಅಂತ ಬಿಳಿ ಪ್ಲಾಸ್ಟರಿನಲ್ಲಿ ಬರೆದು ಅಂಟಿಸಿದ್ದೇನೆ. ಪ್ರತಿ ಸಲ ಅದನ್ನು ಗಟ್ಟಿಯಾಗಿ ಓದಿಯೇ ಹಾರಿಸುತ್ತೇನೆ.

ಎಲ್ಲಿ ಹಾರಿಸುತ್ತೀರಿ? ಯಾವ ಹೊತ್ತು ಒಳ್ಳೆಯದು?

ಡಿಸೆಂಬರಿನಿಂದ ಫೆಬ್ರವರಿ, ಬೆಳಿಗ್ಗೆ ಏಳರಿಂದ ಒಂಬತ್ತು. ಅದಾದ ಮೇಲೆ ಕಡಲಗಾಳಿ ಏಳುತ್ತದೆ. ಐಲೆರಾನ್ ಇಲ್ಲದ ವಿಮಾನಕ್ಕೆ ಅಡ್ಡಗಾಳಿ ಆಗುವುದಿಲ್ಲ. ಏಣೇಲು (ಮಳೆಗಾಲದ ಭತ್ತ) ಕೊಯ್ದು ಸುಗ್ಗಿ ಬೆಳೆ ಇಡದ ಗದ್ದೆ ಸಿಕ್ಕರೆ ಬಿದ್ದರೂ ಮೆತ್ತಗೆ ಬೀಳುತ್ತದೆ. ಆದರೆ ಕೂಳೆಗೆ ಚಕ್ರ ಸಿಕ್ಕಿ ಮಗುಚುತ್ತದೆ, ಹಾಗಾಗಿ ಅಲ್ಲಿ ಕೈಯಿಂದಲೇ ಬಿಡಿ. ಪದವಿನ (ಬೋಳು ಗುಡ್ಡದ ಬಯಲಿನ) ಮೇಲೆ ಜಾಗ ದೊಡ್ಡದು, ಕಣ್ಣಿಗೆ ಅಡ್ಡ ಬರುವ ಮರ ಇಲ್ಲ. ಆದರೆ ಅಲ್ಲಿಯ ಮುರಕಲ್ಲು ಫ್ಯಾನನ್ನು ಒಂದೇ ಸಲಕ್ಕೆ ತಿಂದುಹಾಕುತ್ತದೆ. ಗರುಡಗಳು ಸುತ್ತು ಹಾಕುತ್ತಿದ್ದರೆ ಅವು ಹೋಗುವವರೆಗೆ ಕಾಯಿರಿ.

ಇಳಿಸುವುದು ಮಾತ್ರ ಬಹಳ ಸುಲಭ. ವೇಗ ಕಮ್ಮಿಯಾದರೂ ಇದು ಒಂದು ಕಡೆಗೆ ವಾಲಿ ಬೀಳುವುದಿಲ್ಲ, ಮೂಗೆತ್ತಿಕೊಂಡು ಲಿಫ್ಟಿನ ಹಾಗೆ ಇಳಿಯುತ್ತಾ ಬರುತ್ತದೆ. ಮಿನ್ಯೆಗೆ ಬೇಕಾಗಿದ್ದದ್ದೂ ಅದೇ. ಅದನ್ನು ನೋಡುವಾಗ ಪ್ರತಿ ಸಲವೂ ಮನಸ್ಸು ತುಂಬುತ್ತದೆ.

ಅನುಮತಿ ಬೇಕಾ?

2021ರ ಡ್ರೋನ್ ನಿಯಮಗಳು ಇಂಥ ವಿಮಾನಕ್ಕೂ ಅನ್ವಯ. 2 ಕೆ.ಜಿ. ಒಳಗಿನದನ್ನು ವ್ಯಾಪಾರಕ್ಕಲ್ಲದೆ ಹಾರಿಸಲು ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಡ. ಆದರೆ ಡಿಜಿಟಲ್ ಸ್ಕೈ ತಾಣದ ನಕಾಶೆಯಲ್ಲಿ ನಿಮ್ಮ ಜಾಗ ಹಸಿರು ವಲಯದಲ್ಲಿದೆಯಾ ಅಂತ ಪ್ರತಿ ಸಲ ನೋಡಿ, ನೋಂದಣಿಯ ನಿಯಮವನ್ನೂ ಓದಿಕೊಳ್ಳಿ. ಹಸಿರಿನಲ್ಲೂ 400 ಅಡಿಗಿಂತ ಮೇಲೆ ಹೋಗಬಾರದು. ತೃಕ್ಕರಿಪುರದ ಕಡೆಯವರು ಏಳಿಮಲೆಯ ನೌಕಾ ಅಕಾಡೆಮಿ ಹತ್ತಿರವಿದೆ ಅನ್ನುವುದನ್ನು ಮರೆಯಬೇಡಿ.

ನೆರೆಕರೆಯವರು ಏನೂ ಹೇಳುವುದಿಲ್ವಾ?

ಹೇಳುತ್ತಾರೆ, ಹೇಳಬೇಕು ಕೂಡ. ನಮ್ಮ ಜಿಲ್ಲೆಯಲ್ಲಿ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಅದರ ನೋವನ್ನು ಇವತ್ತಿಗೂ ಉಣ್ಣುತ್ತಿರುವ ಮನೆಗಳಿವೆ. ಒಮ್ಮೆ ಎಣ್ಮಕಜೆಯ ಕಡೆ ನೆಂಟರ ಗದ್ದೆಯಲ್ಲಿ ಹಾರಿಸುತ್ತಿದ್ದೆ. ಮೋಟರಿನ ಸದ್ದು ಕೇಳಿ ಪಕ್ಕದ ಮನೆಯ ಅಜ್ಜಿ ಅಂಗಳಕ್ಕೆ ಓಡಿ ಬಂದರು. ಬಂದವರು ಆಕಾಶ ನೋಡಲಿಲ್ಲ. ಸೀದಾ ಬಾವಿಕಟ್ಟೆಗೆ ಹೋಗಿ ಒಣಗಿದ ಮಡಲು ಎಳೆದು ಬಾವಿಗೆ ಮುಚ್ಚತೊಡಗಿದರು. ನಾನು ಕೂಡಲೇ ಇಳಿಸಿ, ವಿಮಾನವನ್ನು ಎತ್ತಿಕೊಂಡು ಅವರ ಬಳಿ ಹೋದೆ.

"ಮಗಾ, ಇದರಲ್ಲಿ ಮದ್ದು ಇಲ್ಲ ಅಲ್ವಾ?" ಅಂತ ಕೇಳಿದರು.

"ಇಲ್ಲ ಅಜ್ಜಿ, ಸುಮ್ನೆ ಹಾರಿಸುವುದು" ಅಂದೆ. ಹೊಟ್ಟೆಯ ಮುಚ್ಚಳ ತೆಗೆದು ತೋರಿಸಿದೆ. ಬ್ಯಾಟರಿ ಒಂದೇ ಇರುವುದನ್ನು ಬೆರಳಲ್ಲಿ ಮುಟ್ಟಿ ನೋಡಿದ ಮೇಲೆಯೇ ಅವರು ಮಡಲು ತೆಗೆದದ್ದು.

ಅವತ್ತಿನಿಂದ ಹೊಸ ಜಾಗಕ್ಕೆ ಹೋದರೆ ಮೊದಲು ಸುತ್ತಲಿನ ಮನೆಗಳಿಗೆ ವಿಮಾನ ಹಿಡಿದುಕೊಂಡೇ ಹೋಗುತ್ತೇನೆ. ಹಿರಿಯರ ಕೈಗೆ ಕೊಡುತ್ತೇನೆ. ಅವರು ಬೇಡ ಅಂದರೆ ಅಲ್ಲಿ ಹಾರಿಸುವುದಿಲ್ಲ. ನೀವೂ ಹಾಗೇ ಮಾಡಿ ಅಂತ ಕೈಮುಗಿದು ಕೇಳುತ್ತೇನೆ.

ಅಡಿಕೆ ಮರದ ತಲೆಯಲ್ಲಿ ಸಿಕ್ಕಿಕೊಂಡರೆ?

ಕಲ್ಲೆಸೆಯಬೇಡಿ, ಮರ ಅಲ್ಲಾಡಿಸಬೇಡಿ. ಮದ್ದು ಬಿಡಲು, ಕೊಯ್ಯಲು ಈಗ ಬಂದಿರುವ ಕಾರ್ಬನ್ ಫೈಬರ್ ದೋಟಿ ಯಾರ ಮನೆಯಲ್ಲಾದರೂ ಇರುತ್ತದೆ. ಅದರ ತುದಿಗೆ ಕತ್ತಿಯ ಬದಲು ಬಟ್ಟೆ ಸುತ್ತಿದ ಕೊಕ್ಕೆ ಕಟ್ಟಿ, ಚಕ್ರದ ಸರಳಿಗೆ ಸಿಕ್ಕಿಸಿ ಇಳಿಸಿ. ಹತ್ತಿರ ಕರೆಂಟ್ ತಂತಿ ಇದ್ದರೆ ದೋಟಿ ಎತ್ತಲೇಬೇಡಿ. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ವಿಮಾನ ಹೋದರೆ ಹೋಗಲಿ.

ಖರ್ಚು ಎಷ್ಟು?

ರಿಮೋಟ್ ಮತ್ತು ಚಾರ್ಜರ್ ಮೊದಲೇ ಇದ್ದವು. ಉಳಿದದ್ದಕ್ಕೆ ನನಗೆ ಆರು ಸಾವಿರದ ಹತ್ತಿರ ಆಯಿತು. ಅದರಲ್ಲಿ ಅರ್ಧದಷ್ಟು ಬಾಲ್ಸಾ ಮತ್ತು ಅದರ ಸಾಗಾಟಕ್ಕೇ ಹೋಯಿತು.

ಮೊದಲ ವಿಮಾನವಾಗಿ ಇದನ್ನೇ ಮಾಡಬಹುದಾ?

ಬೇಡ. ಮೊದಲು ಥರ್ಮೊಕೋಲಿನ ಒಂದು ಸಾದಾ ಟ್ರೇನರ್ ಹಾರಿಸಿ ಕೈ ಪಳಗಿಸಿಕೊಳ್ಳಿ.

ನಿಮ್ಮ ನಕ್ಷೆಯ ಪ್ರತಿ ಕೊಡುತ್ತೀರಾ?

ಮನೆಗೆ ಬಂದರೆ ನಾನು ಹೊಸದಾಗಿ ಗೀಚಿದ್ದನ್ನು ಕೊಡುತ್ತೇನೆ. ಅದರಲ್ಲಿ ಸಂದಿ, ಹಿಂದೆ ಸರಿಸಿದ ರೆಕ್ಕೆ, ಭಾರದ ಕೇಂದ್ರ, ಮೂರನ್ನೂ ಕೆಂಪು ಪೆನ್ಸಿಲಿನಲ್ಲಿ ಗುರುತಿಸಿದ್ದೇನೆ. ಒಯ್ಯುವ ಮೊದಲು ಒಮ್ಮೆ ಅಟ್ಟ ಹತ್ತಿ ಬನ್ನಿ. ಮುಂದಿನ ರೆಕ್ಕೆಯನ್ನು ನಿಮ್ಮ ಕೈಯಲ್ಲೇ ಕೆಳಗೆ ಒತ್ತಿ, ಅದು ಬಿದಿರಿನ ಚಕ್ಕೆಗೆ ತಾಗಿ ನಿಲ್ಲುವುದನ್ನು ನೋಡಿಕೊಂಡು ಹೋಗಿ.